ಗಟ್ಟಿ ಜೀನಿಗೆ ಯಾವ ಮೆತ್ತೆ? ಕೊಡಗಿನ ಮಳೆಗೂ ಇಳಿಜಾರಿಗೂ ಒಗ್ಗುವ ಸೀಟ್ ಕವರ್‌ಗಳ ವಿಮರ್ಶೆ

ಕುದುರೆ ಜೀನಿನ ಮೇಲೆ ಹಾಕಿಕೊಳ್ಳಲು ಸಿಗುವ ಮೆತ್ತೆಗಳು ಹೆಚ್ಚುಕಮ್ಮಿ ನಾಲ್ಕು ಬಗೆ: ಕುರಿ ತುಪ್ಪಟದ ಕವರ್, ಜೆಲ್ ಪ್ಯಾಡ್, ನೀರು ಕುಡಿಯದ ಫೋಮ್, ಮೆಮೊರಿ ಫೋಮ್. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಯಿಂದ ಮೇ ತನಕ, ಅಸಲಿ ತುಪ್ಪಟಕ್ಕೆ ಸಾಟಿಯಿಲ್ಲ. ಜೂನ್‌ನಿಂದ ಅದನ್ನು ಬಿಚ್ಚಿ ಒಳಗಿಟ್ಟು, ನೀರು ಕುಡಿಯದ ಫೋಮ್ ಅಥವಾ ಜೆಲ್ ಹಾಕಿಕೊಳ್ಳಬೇಕು. ಮೆಮೊರಿ ಫೋಮ್‌ಗೆ ದುಡ್ಡು ಹಾಕುವುದು ಬೇಡ. ಆದರೆ ಯಾವುದನ್ನು ಕೊಳ್ಳುವ ಮೊದಲೂ ಜೀನನ್ನೇ ಒಮ್ಮೆ ಪರೀಕ್ಷಿಸಿ. ‘ಜೀನು ಗಟ್ಟಿ’ ಎಂಬ ದೂರಿನ ಹಿಂದೆ ಅನೇಕ ಬಾರಿ ಇರುವುದು ಗಟ್ಟಿತನವಲ್ಲ, ಓರೆ ಕೂತ ಜೀನು ಅಥವಾ ಅಳತೆ ತಪ್ಪಿದ ಜೀನು. ಅದಕ್ಕೆ ಯಾವ ಮೆತ್ತೆಯೂ ಮದ್ದಲ್ಲ.

ಇಲ್ಲಿ ಮನಸ್ಸಿನಲ್ಲಿರುವುದು ಎರಡು ಜೀನು. ಒಂದು, ಕಾನ್ಪುರದಲ್ಲಿ ತಯಾರಾಗುವ ಇಂಗ್ಲಿಷ್ ಮಾದರಿಯ ಸಾಧಾರಣ ಚರ್ಮದ ಜೀನು. ಇನ್ನೊಂದು, ಸೈನ್ಯದ ಯೂನಿವರ್ಸಲ್ ಪ್ಯಾಟರ್ನ್, ಎಲ್ಲರ ಬಾಯಲ್ಲಿ ‘ಯು.ಪಿ. ಸ್ಯಾಡಲ್’. ಇದರ ಮುಂದೆ ಹಿಂದೆ ಉಕ್ಕಿನ ಕಮಾನು, ಎರಡು ಪಕ್ಕದಲ್ಲಿ ಮರದ ಹಲಗೆ, ನಡುವೆ ಬಿಗಿದ ಚರ್ಮ. ಕುದುರೆಯ ಬೆನ್ನಿನ ಮೇಲೆ ಭಾರವನ್ನು ಅಗಲವಾಗಿ ಹಂಚಲು, ದಿನಗಟ್ಟಲೆ ಸವಾರಿಯನ್ನು ತಾಳಲು ಕಟ್ಟಿದ ಜೀನು ಅದು. ಸವಾರನ ಪೃಷ್ಠದ ಸುಖ ಅದನ್ನು ಕಟ್ಟಿದವರ ಲೆಕ್ಕದಲ್ಲಿ ಕೊನೆಗೆ ಬಂದದ್ದು. ಸೈನ್ಯದ ನಂಟಿರುವ ಮನೆಗಳು ಇಷ್ಟೊಂದಿರುವ ಕೊಡಗಿನಲ್ಲಿ ಈ ಜೀನಿನ ಪರಿಚಯವನ್ನು ಯಾರಿಗೂ ಹೊಸದಾಗಿ ಮಾಡಿಕೊಡಬೇಕಿಲ್ಲ.

ಪರೀಕ್ಷೆಗೆ ಕುದುರೆಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ. ಜೀನು ಹಾಕಿ, ಹೊಟ್ಟೆಪಟ್ಟಿ ಬಿಗಿದು, ಸೀಟಿನ ಮೇಲೆ ಒಂದು ಗುಂಡನೆಯ ಪೆನ್ಸಿಲನ್ನು ಅಡ್ಡಲಾಗಿ ಇಡಿ. ಅದು ಉರುಳಿ ಸೀಟಿನ ನಡುಭಾಗದಲ್ಲಿ ನಿಂತರೆ ಸರಿ. ಹಿಂದಿನ ಕಮಾನಿನ ಕಡೆಗೆ ಹೋದರೆ ಜೀನಿನ ಹಿಂಭಾಗ ಕುಸಿದಿದೆ. ಸವಾರ ಬಾಲಮೂಳೆಯ ಮೇಲೆ ಕೂರುತ್ತಾನೆ, ಕಾಲು ಮುಂದಕ್ಕೆ ಚಾಚುತ್ತದೆ, ಸೊಂಟ ನೋಯುತ್ತದೆ. ಮುಂದಕ್ಕೆ ಉರುಳಿದರೆ ತೊಡೆಸಂದಿಗೆ ಒತ್ತು ಬೀಳುತ್ತದೆ. ಇಂಗ್ಲಿಷ್ ಜೀನಿನಲ್ಲಿ ಇದಕ್ಕೆ ಸಾಮಾನ್ಯ ಕಾರಣ, ಕೆಳಗಿನ ಪ್ಯಾನೆಲ್‌ನಲ್ಲಿ, ಅಂದರೆ ಕುದುರೆಯ ಬೆನ್ನಿಗೆ ತಾಗುವ ದಿಂಬಿನಲ್ಲಿ, ತುಂಬಿದ ಉಣ್ಣೆ ಒಂದು ಕಡೆ ಚಪ್ಪಟೆಯಾಗಿರುವುದು. ಪ್ಯಾನೆಲ್ ಬಿಚ್ಚಿಸಿ ಉಣ್ಣೆ ತುಂಬಿಸಬೇಕು, ಬೇರೆ ದಾರಿ ಇಲ್ಲ. ಓರೆಯಾದ ಜೀನಿನ ಮೇಲೆ ಮೆತ್ತೆ ಹಾಕಿದರೆ ಸವಾರ ಅದೇ ಓರೆಯಲ್ಲಿ ಸ್ವಲ್ಪ ಎತ್ತರದಲ್ಲಿ ಕೂತಂತಾಗುತ್ತದೆ, ಅಷ್ಟೆ.

ಮುಂದಿನದು ಅಳತೆ. ಇಂಗ್ಲಿಷ್ ಜೀನಿನ ಅಳತೆ ಹಿಡಿಯುವುದು ಮುಂಭಾಗದ ಪಕ್ಕದಲ್ಲಿರುವ ಮೊಳೆತಲೆಯಿಂದ ಹಿಂದಿನ ಅಂಚಿನ ನಡುವಿಗೆ. ಸಾಧಾರಣ ಮೈಕಟ್ಟಿನ ದೊಡ್ಡವರಿಗೆ 17 ಅಥವಾ 17.5 ಇಂಚು. ಕೂತಾಗ ನಿಮ್ಮ ಹಿಂದೆ ಸುಮಾರು ನಾಲ್ಕು ಬೆರಳಿನ ಜಾಗ ಉಳಿಯಬೇಕು. ಸೀಟು ಚಿಕ್ಕದಾದರೆ ಪೃಷ್ಠ ಹಿಂದಿನ ಏರಿನ ಮೇಲೆ ಹತ್ತಿ ಕೂರುತ್ತದೆ, ಆಗ ನೋವು ಖಂಡಿತ. ಇಂಥವರು ದಪ್ಪ ಕವರ್ ಹಾಕಿಕೊಂಡರೆ ಸೀಟು ಇನ್ನೂ ಅರ್ಧ ಇಂಚು ಚಿಕ್ಕದಾಗಿ ನೋವು ಹೆಚ್ಚುತ್ತದೆ. ಯು.ಪಿ. ಜೀನಿನಲ್ಲಿ ಬೇರೆಯದನ್ನು ನೋಡಬೇಕು: ಎರಡು ಕಮಾನುಗಳ ನಡುವಿನ ಚರ್ಮ ಜೋತುಬಿದ್ದಿದೆಯೇ? ಜೋತುಬಿದ್ದಿದ್ದರೆ ಪಕ್ಕದ ಹಲಗೆಯ ಅಂಚು ತೊಡೆಯ ಒಳಭಾಗಕ್ಕೆ ಸಿಗುತ್ತದೆ. ಚರ್ಮದ ಕೆಲಸ ಬಲ್ಲವರ ಕೈಯಲ್ಲಿ ಅದನ್ನು ಮತ್ತೆ ಬಿಗಿಸಿದ ಮೇಲೆ ಮೆತ್ತೆಯ ಯೋಚನೆ ಮಾಡಿ.

ಕೊಡಗಿಗೆ ವಿಶೇಷವಾದ ಇನ್ನೊಂದು ಕಾರಣವಿದೆ. ತೋಟದ ದಾರಿಗಳು ಸಮತಟ್ಟಾಗಿರುವುದು ಅಪರೂಪ. ಇಳಿಜಾರಿನಲ್ಲಿ ಜೀನು ಜಾರಿ ಕುದುರೆಯ ಹೆಗಲ ಉಬ್ಬಿನ ಮೇಲೆ ಹೋಗುತ್ತದೆ, ಸವಾರ ಮುಂದಿನ ಕಮಾನಿಗೆ ಒತ್ತಿಕೊಳ್ಳುತ್ತಾನೆ. ಏರಿನಲ್ಲಿ ಇದರ ತಿರುಗುಮುರುಗು. ಏರಿಗೆ ಎದೆಪಟ್ಟಿ, ಕಡಿದಾದ ಇಳಿಜಾರಿಗೆ ಬಾಲದ ಬುಡದಿಂದ ಬರುವ ಕ್ರಪ್ಪರ್ ಪಟ್ಟಿ ಕಟ್ಟಿದರೆ ಜೀನು ನಿಂತಲ್ಲಿ ನಿಲ್ಲುತ್ತದೆ. ತೊಡೆಸಂದಿನ ನೋವು ಇಳಿಜಾರಿನಲ್ಲಿ ಮಾತ್ರ ಬರುತ್ತಿದ್ದರೆ ನಿಮಗೆ ಬೇಕಿರುವುದು ಆ ಪಟ್ಟಿ, ಮೆತ್ತೆಯಲ್ಲ.

ಇಷ್ಟೆಲ್ಲ ಸರಿಯಿದ್ದೂ ಗಂಟೆಯೊಳಗೆ ಪೃಷ್ಠದ ಎರಡು ಮೂಳೆಗಳು ಉರಿಯುತ್ತಿದ್ದರೆ ಆಗ ಕವರ್ ನೋಡೋಣ.

ಮೊದಲು ಕುರಿ ತುಪ್ಪಟ, ಅಂದರೆ ಉಣ್ಣೆ ಹಾಗೆಯೇ ಉಳಿಸಿ ಹದ ಮಾಡಿದ ಕುರಿಚರ್ಮ. ಇದರ ಹೆಚ್ಚುಗಾರಿಕೆ ಮೆತ್ತಗಿರುವುದಷ್ಟೇ ಅಲ್ಲ. ಉಣ್ಣೆಯ ಎಳೆಗಳು ನೆಟ್ಟಗೆ ನಿಂತು ಭಾರ ಹೊರುತ್ತವೆ, ಬಾಗುತ್ತವೆ, ಮತ್ತೆ ಏಳುತ್ತವೆ. ಚರ್ಮದ ಮೇಲೆ ಬಟ್ಟೆ ಉಜ್ಜುವ ಬದಲು ಎಳೆಗಳೇ ಆಚೀಚೆ ಓಲಾಡುವುದರಿಂದ ಉಜ್ಜಿ ಆಗುವ ಹುಣ್ಣು ಕಡಿಮೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಯೂ ಉಣ್ಣೆ ಒದ್ದೆ ಅನ್ನಿಸುವುದಿಲ್ಲ. ಬೆವರುವ ಮಾರ್ಚ್‌, ಏಪ್ರಿಲ್‌ನಲ್ಲಿ ಈ ಗುಣದ ಬೆಲೆ ತಿಳಿಯುತ್ತದೆ.

ಕೊಳ್ಳುವಾಗ ತಿರುಗಿಸಿ ನೋಡಿ. ಅಸಲಿಯಾದರೆ ಹಿಂದೆ ಮೃದುವಾದ ಚರ್ಮವಿರುತ್ತದೆ, ನಕಲಿಯಾದರೆ ಹೆಣೆದ ಬಟ್ಟೆ. ಸಂದೇಹವಿದ್ದರೆ ಒಂದು ಎಳೆ ಕಿತ್ತು ಸುಡಿ: ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆಯ ಎತ್ತರ 25ರಿಂದ 30 ಮಿ.ಮೀ. ಇರಲಿ. ಬೆರಳಿನಿಂದ ಬೈತಲೆ ತೆಗೆದಾಗ ಬುಡದ ಚರ್ಮ ಸುಲಭವಾಗಿ ಕಾಣಬಾರದು. ಕಂಡರೆ ಎಳೆ ವಿರಳ, ಬೇಗ ಚಪ್ಪಟೆಯಾಗುತ್ತದೆ. ನಮ್ಮ ದಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದೇ ಬೇಕು, ಸೀಟಿಗೆ ಮಾತ್ರ ಚುಚ್ಚುತ್ತದೆ. ಇಲ್ಲಿಗೆ ಮೆರಿನೋದಂಥ ನವಿರು ಉಣ್ಣೆಯೇ ಆಗಬೇಕು. ಅಕ್ರಿಲಿಕ್ ಕವರ್ ಅಗ್ಗ ಎಂಬುದೊಂದೇ ಅದರ ಗುಣ. ಬೇಗ ಜಡೆಗಟ್ಟುತ್ತದೆ, ಜಾರುತ್ತದೆ, ಬೆವರು ಹೀರುವುದಿಲ್ಲ.

ಕವರ್ ನಿಲ್ಲುವ ಬಗೆಯನ್ನು ಉಣ್ಣೆಯಷ್ಟೇ ಗಮನವಿಟ್ಟು ನೋಡಿ. ಮುಂದಿನ ಕಮಾನಿಗೆ ಟೋಪಿಯಂತೆ ಕೂರುವ ಚೀಲ, ಹಿಂದೆ ಅಂಚನ್ನು ಸುತ್ತುವ ಇಲಾಸ್ಟಿಕ್, ರಿಕಾಪಿನ (ಸವಾರ ಪಾದ ಊರುವ ಬಳೆಯ) ಪಟ್ಟಿ ಹೊರಬರಲು ಎರಡು ಸೀಳು, ಪಕ್ಕದಲ್ಲಿ ಇಳಿಬಿದ್ದ ಚರ್ಮದ ಫ್ಲ್ಯಾಪ್ ಕೆಳಗೆ ಹೋಗುವ ಪಟ್ಟಿ, ಈ ನಾಲ್ಕೂ ಇರಲಿ. ಬರೀ ಮೇಲೆ ಹಾಸುವ ತುಂಡು ಸಮತಟ್ಟಿನಲ್ಲಿ ನಡೆದೀತು, ತೋಟದ ಏರಿನಲ್ಲಿ ಸವಾರನ ಸಮೇತ ಹಿಂದಕ್ಕೆ ಹೋಗುತ್ತದೆ. ಯು.ಪಿ. ಜೀನಿಗೆ ಕಟ್ಟುವಾಗ ಪಟ್ಟಿಯ ಗಂಟಾಗಲಿ ಬಕಲ್ ಆಗಲಿ ಹಲಗೆಯ ಕೆಳಗೆ, ಕುದುರೆಯ ಬೆನ್ನಿಗೆ ತಾಗುವಲ್ಲಿ, ಬರಲೇಬಾರದು. ಅಷ್ಟು ಸಣ್ಣ ಗಂಟೇ ಬೆನ್ನುಹುಣ್ಣಿಗೆ ಸಾಕು.

‘ಕವರ್ ಹಾಕಿದ ಮೇಲೆ ನೋವು ಹೆಚ್ಚಾಯಿತು’ ಅನ್ನುವವರಿಗೆ ಕಾರಣ ಹೀಗೆ. ಕೂತಾಗ ತುಪ್ಪಟ ಸುಮಾರು ಅರ್ಧಕ್ಕೆ ತಗ್ಗಿದರೂ ನೀವು 12–15 ಮಿ.ಮೀ. ಮೇಲೇರಿರುತ್ತೀರಿ. ರಿಕಾಪು ಇದ್ದಲ್ಲೇ ಇದೆ. ಅಂದರೆ ಅದು ಅಷ್ಟು ಉದ್ದವಾದಂತೆ. ಪಾದ ಅದನ್ನು ಹುಡುಕಿಕೊಂಡು ಕೆಳಕ್ಕೆ ಚಾಚುತ್ತದೆ, ದೇಹದ ಭಾರ ತೊಡೆಸಂದಿಗೆ ಇಳಿಯುತ್ತದೆ. ರಿಕಾಪಿನ ಪಟ್ಟಿಯನ್ನು ಅರ್ಧದಿಂದ ಒಂದು ತೂತಿನಷ್ಟು ಮೇಲಕ್ಕೆ ತನ್ನಿ. ಪಟ್ಟಿಯಲ್ಲಿ ಅರ್ಧ ತೂತು ಇಲ್ಲದಿದ್ದರೆ ಎರಡು ತೂತುಗಳ ನಡುವೆ ಪಂಚ್‌ನಿಂದ ಹೊಸದು ಹಾಕಿಸಿ, ಎರಡೂ ಪಕ್ಕದಲ್ಲಿ ಒಂದೇ ಅಳತೆಗೆ. ರಿಕಾಪಿನ ಮೇಲೆ ಎದ್ದು ನಿಂತಾಗ ಸೀಟಿಗೂ ನಿಮಗೂ ನಡುವೆ ಒಂದು ಅಂಗೈ ಅಗಲ, ಅಂದರೆ ಸುಮಾರು 4 ಇಂಚು, ಇರಬೇಕು. ಇನ್ನೊಂದು ತೊಂದರೆ ಸೊಂಟದ ಕೀಲಿನದು. ಎರಡು ತೊಡೆಗಳ ನಡುವೆ ಜೀನು ಕಿರಿದಾಗುವ ಜಾಗದಲ್ಲಿ ದಪ್ಪ ತುಪ್ಪಟ ಬಂದರೆ ಕಾಲು ಅಗಲಿಸಿ ಕೂರಬೇಕಾಗುತ್ತದೆ. ಕಿರಿಯರಿಗೆ ಗೊತ್ತಾಗದು, ಐವತ್ತು ದಾಟಿದವರಿಗೆ ಗೊತ್ತಾಗುತ್ತದೆ. ಅಂಥವರು ಪೃಷ್ಠದ ಜಾಗದಲ್ಲಿ ಮಾತ್ರ ಉದ್ದ ಉಣ್ಣೆಯಿದ್ದು ಪಕ್ಕದಲ್ಲಿ 12 ಮಿ.ಮೀ.ಗೆ ಕತ್ತರಿಸಿದ ಕವರ್ ಹುಡುಕಲಿ, ಇಲ್ಲವೇ ತಾವೇ ಕತ್ತರಿಯಿಂದ ಸವರಿಕೊಳ್ಳಲಿ.

ಜೆಲ್ ಪ್ಯಾಡ್‌ನಲ್ಲಿ ಇಟಲಿಯ ಅಕವಾಲ್ಲೊ ಹೆಸರಾದದ್ದು. ಅದನ್ನು ಹೋಲುವವು ಹಲವು ಇವೆ. ಜೆಲ್ ಕುಗ್ಗುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಸರಿದು ಒತ್ತಡವನ್ನು ಹರಡುತ್ತದೆ. ಹಾಗಾಗಿ 10 ಮಿ.ಮೀ. ಆಸುಪಾಸಿನ ತೆಳು ಪ್ಯಾಡ್ ಕೂಡ ಕೆಲಸ ಮಾಡುತ್ತದೆ, ಸವಾರನನ್ನು ಹೆಚ್ಚು ಮೇಲೇರಿಸುವುದಿಲ್ಲ. ಮೇಲ್ಮೈ ಅಂಟಿದಂತೆ ಹಿಡಿಯುವುದರಿಂದ ಇಳಿಜಾರಿನಲ್ಲಿ ಜಾರುವ ಭಯವಿಲ್ಲ. ನೀರು ಕುಡಿಯದು, ಬೂಷ್ಟು ಹಿಡಿದರೆ ಒರೆಸಿದರೆ ಹೋಯಿತು. ಬಿಸಿಲಲ್ಲಿ ಬಿಟ್ಟರೆ ಕಾದು ಸುಡುತ್ತದೆ ಎಂಬುದು ಬಯಲುಸೀಮೆಯವರ ದೊಡ್ಡ ದೂರು. ಮರದ ನೆರಳಿನ ತೋಟದಲ್ಲಿ ಅದು ಅಷ್ಟಾಗಿ ಬಾಧಿಸದು. ಇಲ್ಲಿನ ದೂರು ಡಿಸೆಂಬರ್ ಬೆಳಗಿನದು. ರಾತ್ರಿಯಿಡೀ ಥಂಡಿ ಕುಡಿದ ಜೆಲ್ ಬಹಳ ಹೊತ್ತು ತಣ್ಣಗೇ ಇರುತ್ತದೆ. ರಾತ್ರಿ ಮನೆಯೊಳಗೆ ಇಟ್ಟರೆ ಪರಿಹಾರ. ಗಾಳಿಯಾಡದ ಮೇಲ್ಮೈಯಲ್ಲಿ ಎರಡು ಗಂಟೆ ಮೀರಿ ಕೂತರೆ ಬೆವರಿ ಚರ್ಮ ಮೆತ್ತಗಾಗಿ ಉಜ್ಜಿದ ಗಾಯವಾಗುತ್ತದೆ, ಆದ್ದರಿಂದ ದೀರ್ಘ ಸವಾರಿಗೆ ಜೆಲ್ ಮೇಲೆ ತೆಳು ಬಟ್ಟೆಯ ಹೊದಿಕೆ ಇರುವುದನ್ನೇ ಆರಿಸಿ. ಆಮದು ಮಾಲು, ಬೆಲೆ ಹೆಚ್ಚು. ಮಳೆಗಾಲದಲ್ಲೂ ಬಿಡದೆ ಸವಾರಿ ಮಾಡುವವರಿಗೆ ಅದು ಸಾರ್ಥಕ.

ಮೆಮೊರಿ ಫೋಮ್ ಅಂಗಡಿಯಲ್ಲಿ ಬೆರಳಿನಿಂದ ಒತ್ತಿದಾಗ ಎಲ್ಲಕ್ಕಿಂತ ಸುಖ ಅನ್ನಿಸುತ್ತದೆ. ಅದರ ಗುಣವೇ ನಿಧಾನವಾಗಿ ತಗ್ಗಿ ನಿಧಾನವಾಗಿ ಏಳುವುದು. ಟ್ರಾಟ್‌ನಲ್ಲಿ, ಅಂದರೆ ಕುದುರೆಯ ಕುಲುಕು ಓಟದಲ್ಲಿ, ನಿಮಿಷಕ್ಕೆ ಸುಮಾರು 150 ಸಲ ಜೀನು ಮೇಲೆ ಹೊಡೆಯುತ್ತದೆ. ಒಂದು ಹೊಡೆತಕ್ಕೆ ತಗ್ಗಿದ ಫೋಮ್ ಏಳುವುದರೊಳಗೆ ಮುಂದಿನದು ಬಂದಿರುತ್ತದೆ. ನಾಲ್ಕಾರು ಹೊಡೆತದಲ್ಲಿ ಅದು ತಳ ಕಂಡು ಜೀನಿನ ಗಟ್ಟಿಯೇ ಸಿಗುತ್ತದೆ. ತಣ್ಣಗಾದರೆ ಈ ಫೋಮ್ ಬಿರುಸಾಗುತ್ತದೆ, ಮಡಿಕೇರಿಯ ಚಳಿಗಾಲದ ಬೆಳಗಿಗೆ ಇದು ಇನ್ನೊಂದು ಮೈನಸ್. ನೀರು ಕುಡಿದರಂತೂ ಒಣಗುವುದೇ ಇಲ್ಲ. ನಡಿಗೆಯಲ್ಲೇ ಹೋಗಿ ಬರುವವರಿಗೂ ಇದಕ್ಕಿಂತ ಅಗ್ಗದ, ಒಳ್ಳೆಯ ದಾರಿ ಇದೆ.

ಆ ದಾರಿ ನೀರು ಕುಡಿಯದ ಫೋಮ್, ಅಂದರೆ ಒಂದೊಂದು ಗುಳ್ಳೆಯೂ ಮುಚ್ಚಿಕೊಂಡಿರುವ ಇವಿಎ ಜಾತಿಯದು. ಅಮೆರಿಕದ ಕ್ಯಾಶೆಲ್ ಕಂಪನಿಯ ಟಶ್ ಕುಶನ್ ಫೋಮ್ ಮೆತ್ತೆಗಳಲ್ಲಿ ಹೆಸರುವಾಸಿ. ಆದರೆ ಇದನ್ನು ಇಲ್ಲೇ ಮಾಡಿಸಿಕೊಳ್ಳಬಹುದು, ಮಾಡಿಸಿಕೊಳ್ಳಿ ಎಂದೇ ನಮ್ಮ ಸಲಹೆ. ಬೈಕ್ ಸೀಟು, ಜೀಪ್ ಸೀಟು ಹೊಲಿಯುವ ಕುಶನ್ ಅಂಗಡಿಯವರ ಕೈಗೆ ಇದು ಅರ್ಧ ದಿನದ ಕೆಲಸ. ಜೀನಿನ ರೂಪ ಅವರಿಗೆ ಹೊಸತು, ಆದ್ದರಿಂದ ನೀವು ಸರಿಯಾದ ಅಚ್ಚು ಒಯ್ಯಬೇಕು.

ಸೀಟಿನ ಮೇಲೆ ದಿನಪತ್ರಿಕೆ ಹರಡಿ, ಅಂಚಿನ ಹೊಲಿಗೆಯ ಗೆರೆಯನ್ನು ಬೆರಳಿನಿಂದ ಒತ್ತಿ ಮೂಡಿಸಿ, ಅದಕ್ಕಿಂತ 10 ಮಿ.ಮೀ. ಒಳಗೆ ಕತ್ತರಿಸಿ. ಉದ್ದಕ್ಕೆ ಮಡಚಿ ಎರಡು ಪಕ್ಕ ಒಂದೇ ಸಮ ಇದೆಯೇ ನೋಡಿ. ಫೋಮ್ ದಪ್ಪ 12 ಮಿ.ಮೀ. ಸಾಕು, 20 ಮೀರಬಾರದು. ಆರಿಸುವ ಪರೀಕ್ಷೆ ಸುಲಭ: ತುಂಡನ್ನು ಮರದ ಬೆಂಚಿನ ಮೇಲಿಟ್ಟು ಮೊಣಕಾಲು ಊರಿ ಪೂರ್ತಿ ಭಾರ ಹಾಕಿ. ಬೆಂಚು ಮೂಳೆಗೆ ಸಿಕ್ಕರೆ ಆ ಫೋಮ್ ಬೇಡ. ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎಂದು ಅಂಗಡಿಯಲ್ಲಿ ತೋರಿಸುವುದು ಸೋಫಾ ಫೋಮ್. ಅದರಲ್ಲಿ 40 ಮೇಲಿನದು ಭಾರ ತಾಳುತ್ತದೆ ನಿಜ, ಆದರೆ ಸ್ಪಂಜಿನಂತೆ ನೀರು ಹೀರುತ್ತದೆ. ಬೇಸಿಗೆಗೆ ಬೇಕಿದ್ದರೆ ಕೆಳಗೆ 8 ಮಿ.ಮೀ. ಇವಿಎ, ಮೇಲೆ 10 ಮಿ.ಮೀ. 40 ಡೆನ್ಸಿಟಿ ಎಂದು ಎರಡು ಪದರ ಮಾಡಿಸಿ. ಮಳೆಗಾಲದ ಪ್ಯಾಡ್ ಪೂರ್ತಿ ಇವಿಎ ಆಗಿರಲಿ.

ಫೋಮ್‌ನ ಅಂಚನ್ನು ನೇರ ಕತ್ತರಿಸಲು ಬಿಡಬೇಡಿ, ಸುತ್ತಲೂ ಓರೆಯಾಗಿ ಕೆತ್ತಿಸಿ. ನೇರ ಅಂಚು ತೊಡೆಗೆ ಮೆಟ್ಟಿಲಿನಂತೆ ತಾಗುತ್ತದೆ. ಬಾಲಮೂಳೆಗೆ ಪೆಟ್ಟು ಬಿದ್ದವರು ಹಿಂಭಾಗದಿಂದ ನಡುವಿನವರೆಗೆ 4 ಸೆಂ.ಮೀ. ಅಗಲದ ಕಾಲುವೆ ಬಿಡಿಸಿಕೊಳ್ಳಲಿ. ಹೊದಿಕೆಗೆ ನುಣ್ಣನೆಯ ರೆಕ್ಸಿನ್ ಬೇಡವೇ ಬೇಡ. ಒದ್ದೆಯಾದ ರೆಕ್ಸಿನ್ ಮೇಲೆ ಇಳಿಜಾರಿನಲ್ಲಿ ಕೂರುವುದು ಅಪಾಯ. ಸ್ವೇಡ್‌ನಂಥ ದೊರಗು ಮೇಲ್ಮೈಯ ಬಟ್ಟೆ ಕೇಳಿ. ಹೊಲಿಗೆ ಅಂಚಿನಲ್ಲಿ ಮಾತ್ರ ಇರಲಿ. ಅಂದಕ್ಕೆಂದು ನಡುವೆ ಡೈಮಂಡ್ ಹೊಲಿಗೆ ಹಾಕಿದರೆ ಆ ದಾರವೇ ಮೂಳೆಯ ಕೆಳಗೆ ಬಂದು ಕೊರೆಯುತ್ತದೆ, ಸೂಜಿತೂತಿನಿಂದ ನೀರೂ ಇಳಿಯುತ್ತದೆ. ಹಿಂದಿನ ಅಂಚಿನ ಕೆಳಭಾಗದಲ್ಲಿ ನೀರು ಬಸಿಯಲು ಎರಡು ಸಣ್ಣ ತೂತು ಬಿಡಿಸಿ. ಪ್ಯಾಡನ್ನು ಜೀನಿಗೆ ಗಮ್ ಹಾಕಿ ಅಂಟಿಸುವ ಸಲಹೆ ಯಾರು ಕೊಟ್ಟರೂ ಒಪ್ಪಬೇಡಿ. ಚರ್ಮದ ಮೇಲ್ಪದರ ಕಿತ್ತು ಬರುತ್ತದೆ, ಅಂಟಿದ ಕಡೆ ತೇವ ಕೂತು ಕೊಳೆಯುತ್ತದೆ. 40 ಮಿ.ಮೀ. ಅಗಲದ ಇಲಾಸ್ಟಿಕ್ ಪಟ್ಟಿ ಮುಂದೊಂದು, ಹಿಂದೊಂದು, ಪಕ್ಕಕ್ಕೆ ಎರಡು ಸಾಕು.

ಕುರಿಚರ್ಮ ತಂದು ಕವರ್ ಹೊಲಿಸುವವರಿಗೂ ಇದೇ ಅಚ್ಚು ನಡೆಯುತ್ತದೆ, ಅಂಚಿಗೆ ಎರಡು ಇಂಚು ಸೇರಿಸಿಕೊಳ್ಳಿ. ಕತ್ತರಿಸುವುದು ಚರ್ಮದ ಬದಿಯಿಂದ, ಬ್ಲೇಡಿನಿಂದ, ಚರ್ಮವನ್ನಷ್ಟೇ ಸೀಳಿ. ಕತ್ತರಿ ಹಾಕಿದರೆ ಉಣ್ಣೆಯೂ ತುಂಡಾಗಿ ಅಂಚು ಬೋಳಾಗುತ್ತದೆ.

ಜೀನಿನ ಕೆಳಗೆ ಹಾಸುವ ಬಟ್ಟೆಯನ್ನು ದಪ್ಪ ಮಾಡಿದರೆ ಸವಾರನಿಗೂ ಮೆತ್ತಗಾದೀತೆಂದು ನಂಬುವವರಿದ್ದಾರೆ. ಸರಿಯಾಗಿ ಕೂರುವ ಇಂಗ್ಲಿಷ್ ಜೀನಿನ ಕೆಳಗೆ ದಪ್ಪ ಪ್ಯಾಡ್ ತುರುಕುವುದು ಬಿಗಿ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿದಂತೆ; ಕುದುರೆಯ ಹೆಗಲು ಹಿಂಡಿಹೋಗುತ್ತದೆ, ನಿಮಗೇನೂ ಸಿಗದು. ಯು.ಪಿ. ಜೀನಿನ ಮಾತು ಬೇರೆ, ಅದು ಮಡಚಿದ ಕಂಬಳಿಯ ಮೇಲೆ ಕೂರಲೆಂದೇ ಇರುವುದು. ಚಳ್ಳಕೆರೆ ಕಡೆಯ ಕುರಿ ಕಂಬಳಿ ಇದಕ್ಕೆ ಚೆನ್ನಾಗಿ ಒದಗುತ್ತದೆ. ಸುಕ್ಕಿಲ್ಲದಂತೆ ಮಡಚಿ, ಜೀನು ಇಟ್ಟ ಮೇಲೆ ಮುಂದಿನ ಕಮಾನಿನೊಳಕ್ಕೆ ಕಂಬಳಿಯನ್ನು ಬೆರಳಿನಿಂದ ಮೇಲೆತ್ತಿ. ಬೆನ್ನೆಲುಬಿನ ಮೇಲೆ ಗಾಳಿಯಾಡಬೇಕು. ಸವಾರ ಹತ್ತಿದ ಮೇಲೂ ಹೆಗಲ ಉಬ್ಬಿಗೂ ಕಮಾನಿಗೂ ನಡುವೆ ಎರಡು ಬೆರಳು ತೂರಬೇಕು.

ಹೊಸ ಜೀನಿನ ಚರ್ಮಕ್ಕೆ ಎಣ್ಣೆ ಹಚ್ಚಿದರೆ ಸೀಟು ಮೆತ್ತಗಾಗುತ್ತದೆಯೇ? ಮೇಲಿನ ಚರ್ಮ ಬಾಗುತ್ತದೆ, ಒಳಗಿನ ಚೌಕಟ್ಟು ಬಾಗುವುದಿಲ್ಲ. ನೀಟ್ಸ್‌ಫುಟ್ ಎಣ್ಣೆಯನ್ನು (ದನದ ಕಾಲಿನಿಂದ ತೆಗೆಯುವ, ಚರ್ಮಕ್ಕೆ ಹಚ್ಚುವ ಎಣ್ಣೆ) ತೆಳ್ಳಗೆ ಎರಡು ಸಲ, ನಡುವೆ ಒಂದು ದಿನ ಬಿಟ್ಟು ಹಚ್ಚಿ. ಅದಕ್ಕಿಂತ ಹೆಚ್ಚಾದರೆ ಚರ್ಮ ಸಡಿಲವಾಗಿ ಹೊಲಿಗೆ ಎಳೆಯುತ್ತದೆ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಬಳಿಯಬೇಡಿ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಮಡಿಕೇರಿಯಲ್ಲಿ ವರ್ಷದ ಬಹುಪಾಲು ಅದರ ಕೆಳಗೇ. ಚರ್ಮದ ಮೇಲೆ ಬಿಳಿ ಪೊರೆಯಾಗಿ ಕೂತು ಮುಗ್ಗಲು ವಾಸನೆ ಬರುತ್ತದೆ.

ಬಟ್ಟೆಯ ಬಗ್ಗೆ ಎರಡೇ ಮಾತು. ಜೀನ್ಸ್ ಪ್ಯಾಂಟಿನ ಒಳಹೊಲಿಗೆ ನಾಲ್ಕು ಪದರ ಬಟ್ಟೆಯ ಗಟ್ಟಿ ಹಗ್ಗ, ಅದು ಸರಿಯಾಗಿ ಮೂಳೆಯ ಕೆಳಗೇ ಬರುತ್ತದೆ. ಒಳಗೆ ತೆಳು ಪ್ಯಾಡಿನ ಸೈಕಲ್ ಚಡ್ಡಿ, ಹೊರಗೆ ಹೊಲಿಗೆ ಪಕ್ಕಕ್ಕಿರುವ ಸವಾರಿ ಪ್ಯಾಂಟ್ ಹಾಕಿದರೆ ಅನೇಕರಿಗೆ ಕವರ್ ಬೇಕೆಂದೇ ಅನ್ನಿಸದು.

ಇನ್ನು ಮಳೆಗಾಲದ ಆರೈಕೆ, ತುಪ್ಪಟ ಕೊಂಡವರು ಗಮನವಿಟ್ಟು ಓದಬೇಕಾದ್ದು. ಕುಶಾಲನಗರದಲ್ಲಿ ಮಧ್ಯಾಹ್ನದ ಬಿಸಿಲಿಗೆ ಒಣಗುವ ಕವರ್ ಜುಲೈ ತಿಂಗಳಲ್ಲಿ ಭಾಗಮಂಡಲದಲ್ಲಿ ವಾರ ಕಳೆದರೂ ಒಣಗದು. ಕಕ್ಕಡದ, ಅಂದರೆ ಕೊಡವರ ಆಟಿ ತಿಂಗಳ, ಮಳೆಗೆ ಸಿಕ್ಕ ಒದ್ದೆ ಕುರಿಚರ್ಮ ಮೊದಲು ಬೂಷ್ಟು ಹಿಡಿಯುತ್ತದೆ, ಆಮೇಲೆ ಉಣ್ಣೆ ಗೊಂಚಲು ಗೊಂಚಲಾಗಿ ಕಿತ್ತು ಬರುತ್ತದೆ. ಅದಕ್ಕಿಂತ ಕೆಟ್ಟದ್ದು, ಒದ್ದೆ ಕವರನ್ನು ಜೀನಿನ ಮೇಲೇ ಬಿಟ್ಟರೆ ಕೆಳಗಿನ ಸೀಟಿನ ಚರ್ಮವೂ ಹಾಳು. ಆದ್ದರಿಂದ ಮುಂಗಾರು ಹಿಡಿಯುವ ಮೊದಲೇ, ಮೇ ಕೊನೆಯ ಬಿಸಿಲಿರುವಾಗ ಒಗೆದು ಇಡಿ. 30 ಡಿಗ್ರಿ ಮೀರದ ನೀರು, ಉಣ್ಣೆ ಒಗೆಯುವ ದ್ರವ ಸೋಪು. ಬಟ್ಟೆ ಒಗೆಯುವ ಪುಡಿಯ ಕ್ಷಾರಕ್ಕೆ ಉಣ್ಣೆಯ ಜಿಡ್ಡು ಹೋಗಿ ಹಿಂದಿನ ಚರ್ಮ ಹಪ್ಪಳದಂತಾಗುತ್ತದೆ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ನೆರಳಿನಲ್ಲಿ, ಚರ್ಮದ ಬದಿ ಮೇಲೆ ಮಾಡಿ ಹರಡಿ. ಅರೆ ಒಣಗಿದಾಗ ಕೈಯಿಂದ ನಾಲ್ಕೂ ಕಡೆ ಎಳೆದು ಮೆತ್ತಗೆ ಮಾಡಿ, ಪೂರ್ತಿ ಒಣಗಿದ ಮೇಲೆ ತಂತಿ ಬ್ರಷ್‌ನಿಂದ ಬಾಚಿ. ಒಲೆಯ ಮೇಲಿನ ಅಟ್ಟದಲ್ಲಾಗಲಿ ಹಂಡೆಯ ಉರಿಯ ಪಕ್ಕದಲ್ಲಾಗಲಿ ಒಣಗಿಸಿದರೆ ಕುರಿಚರ್ಮ ಮುದುರಿ ಮತ್ತೆಂದೂ ಹಿಗ್ಗದು. ಜೀನಿಗೂ ಅದೇ ಗತಿ.

ಇಡುವುದು ಬಟ್ಟೆಯ ಚೀಲದಲ್ಲಿ, ತೇವ ಹಿಡಿಯದಂತೆ ಬಲ್ಬ್ ಉರಿಯುವ ಬೀರುವಿನಲ್ಲಿ. ಎಲ್‌ಇಡಿ ಬಲ್ಬಿಗೆ ಬೇಕಾದಷ್ಟು ಶಾಖ ಇರುವುದಿಲ್ಲ, ಹಳೆಯ ತಂತಿ ಬಲ್ಬೇ ಆಗಬೇಕು, 25 ಅಥವಾ 40 ವ್ಯಾಟ್, ಚೀಲದಿಂದ ಒಂದು ಅಡಿಯಾದರೂ ದೂರ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಒಳಗೇ ಉಳಿದು ಆಗಸ್ಟ್‌ನಲ್ಲಿ ತೆರೆದಾಗ ಹಸಿರು ಬೂಷ್ಟೇ ಸಿಗುವುದು. ಬೂಷ್ಟು ಹಿಡಿದದ್ದನ್ನು ಮನೆಯೊಳಗೆ ಬ್ರಷ್ ಮಾಡಬೇಡಿ, ಹೊರಗೆ ಒಯ್ದು ಕೊಡವಿ. ಹುಣ್ಣು, ತರಚು ಇರುವವರು ಅಂಥ ಕವರ್ ಮೇಲೆ ಒಗೆಯದೆ ಕೂರಬಾರದು.

ಇವಿಎ ಪ್ಯಾಡಿಗೆ ಇಷ್ಟೆಲ್ಲ ಉಪಚಾರ ಬೇಡ. ಸವಾರಿ ಮುಗಿದ ಕೂಡಲೇ ಜೀನಿನಿಂದ ಬಿಚ್ಚಿ ಒರೆಸಿ ನೇತುಹಾಕಿ, ಜೀನನ್ನು ಬೇರೆಯಾಗಿ ಗಾಳಿಗಿಡಿ. ತಿಂಗಳಿಗೊಮ್ಮೆ ಇಲಾಸ್ಟಿಕ್ ಎಳೆದು ನೋಡಿ: ಬಿಟ್ಟಾಗ ತಕ್ಷಣ ಹಿಂದಕ್ಕೆ ಬರದಿದ್ದರೆ ಅದೇ ದಿನ ಬದಲಿಸಿ, ಏಕೆಂದರೆ ಪ್ಯಾಡ್ ಮೊದಲು ಸರಿಯುವುದು ಕುದುರೆ ಇಳಿಜಾರಿನಲ್ಲಿ ಮುಗ್ಗರಿಸಿದಾಗಲೇ.